ಇಪ್ಪತ್ತು ಗಂಟೆಯ ದಿನ, ಇಪ್ಪತ್ನಾಲ್ಕು ಗಂಟೆಯ ರಕ್ತ

ಅಮೆರಿಕದ ಬಾಸ್ಟನ್ ನಗರದ ಒಂದು ಸಂಶೋಧನಾ ಕೋಣೆ. ಹೊರಗಿನ ಬೆಳಕು ಒಳಗೆ ಬರುವುದಿಲ್ಲ. ಗಡಿಯಾರವಿಲ್ಲ, ಹೊತ್ತು ತಿಳಿಸುವ ಬೇರೇನೂ ಇಲ್ಲ. ದೀಪಗಳು ಮಂದವಾಗಿ ಉರಿಯುತ್ತವೆ. ಕಾಯಿಲೆ ಕಸಾಲೆ ಏನೂ ಇಲ್ಲದ ವಯಸ್ಕರೊಬ್ಬರು ಎರಡು ವಾರ ಇಲ್ಲಿ ಉಳಿಯಲು ಒಪ್ಪಿ ಬಂದಿದ್ದಾರೆ. ಅವರನ್ನು ಎಬ್ಬಿಸುತ್ತಾರೆ, ಊಟ ಕೊಡುತ್ತಾರೆ, ಮಲಗಿಸುತ್ತಾರೆ. ಆದರೆ ಈ ಸುತ್ತು ಮುಗಿಯುವುದು 24 ಗಂಟೆಗೆ ಅಲ್ಲ, 20 ಗಂಟೆಗೆ. ಇಂಥ 12 ಸುತ್ತುಗಳು ಕಳೆಯುವ ಹೊತ್ತಿಗೆ ಹೊರಗಿನ ಲೋಕದಲ್ಲಿ 10 ದಿನಗಳಷ್ಟೇ ಆಗಿರುತ್ತವೆ. ಈ ನಡುವೆ ಅವರ ರಕ್ತವನ್ನು ಮತ್ತೆ ಮತ್ತೆ ತೆಗೆದು ಪರೀಕ್ಷಿಸಲಾಗುತ್ತದೆ.

ಹೀಗೆ ಒಟ್ಟು 12 ಮಂದಿ ಈ ಕೋಣೆವಾಸ ಮಾಡಿದರು. ಅವರ ರಕ್ತದಿಂದ ಸಿಕ್ಕ ಉತ್ತರವನ್ನು ಫ್ರಾಂಕ್ ಶೀರ್ ಮತ್ತು ಸ್ಟೀವನ್ ಶೇ ಎಂಬ ಸಂಶೋಧಕರು 2014ರಲ್ಲಿ ಪ್ರಕಟಿಸಿದರು. ಪ್ರಶ್ನೆ ಮಾತ್ರ ಅದಕ್ಕಿಂತ ಹಳೆಯದು. ಬೆಳಗಿನ ಹೊತ್ತು ನಮ್ಮ ರಕ್ತ ಹೆಪ್ಪನ್ನು ಕರಗಿಸುವ ಶಕ್ತಿಯನ್ನು ಕಳೆದುಕೊಳ್ಳುವುದು ನಾವು ಹಾಸಿಗೆಯಿಂದ ಏಳುವುದರಿಂದಲೋ, ಎದ್ದರೂ ಏಳದಿದ್ದರೂ ತನ್ನ ಪಾಡಿಗೆ ತಾನು ನಡೆಯುವ ಒಳಗಿನ ಗಡಿಯಾರದಿಂದಲೋ? ನಾನು ಇಲ್ಲಿ ಬಿಡಿಸಿ ನೋಡಲು ಹೊರಟಿರುವ ಪ್ರಕರಣ ಇದೇ. ವೈದ್ಯಕೀಯ ಪ್ರಕರಣವೆಂದರೆ ರೋಗಿಯ ಪ್ರಕರಣವೆಂದೇ ನಮಗೆ ರೂಢಿ. ಇದರಲ್ಲಿ ರೋಗಿ ಇಲ್ಲ, ರೋಗವೂ ಇಲ್ಲ. ಹನ್ನೆರಡು ಆರೋಗ್ಯವಂತ ದೇಹಗಳು ದಿನವೂ ಮಾಡುವ ಕೆಲಸವಷ್ಟೇ ಇದೆ. ಈ ವಿಷಯ ನನ್ನನ್ನು ಹಿಡಿದಿಟ್ಟಿರುವುದೂ ಅದಕ್ಕಾಗಿಯೇ.

ಹೆಪ್ಪು ಎಂಬ ಮಾತು ನಮಗೆ ಅಡುಗೆಮನೆಯಿಂದ ಬಂದದ್ದು. ರಾತ್ರಿ ಹಾಲಿಗೆ ಹೆಪ್ಪು ಹಾಕಿಟ್ಟರೆ ಬೆಳಗಾಗುವಷ್ಟರಲ್ಲಿ ಮೊಸರು. ರಕ್ತ ಗಟ್ಟಿಯಾಗುವುದಕ್ಕೂ ನಾವು ಅದೇ ಮಾತನ್ನು ಬಳಸುತ್ತೇವೆ. ಆದರೆ ಮೊಸರು ಮತ್ತೆ ಹಾಲಾಗುವುದಿಲ್ಲ, ರಕ್ತದ ಹೆಪ್ಪು ಮಾತ್ರ ಕರಗಬಲ್ಲದು. ಆರೋಗ್ಯವಂತ ದೇಹದಲ್ಲಿ ಕಟ್ಟುವ ಕೆಲಸ ಮತ್ತು ಕರಗಿಸುವ ಕೆಲಸ ಎರಡೂ ಅಕ್ಕಪಕ್ಕದಲ್ಲೇ ನಡೆಯುತ್ತಿರುತ್ತವೆ. ಕಟ್ಟುವ ಬದಿಯಲ್ಲಿ ಪ್ಲೇಟ್‌ಲೆಟ್‌ಗಳಿವೆ. ಡೆಂಗಿ ಜ್ವರದ ದೆಸೆಯಿಂದ ಈ ಹೆಸರು ಈಗ ಮನೆಮನೆಗೂ ಗೊತ್ತು. ಅವು ಒಂದಕ್ಕೊಂದು ಅಂಟಿಕೊಂಡು ಗಾಯದ ಬಾಯಿಯನ್ನು ಮುಚ್ಚುತ್ತವೆ. ಅದರ ಮೇಲೆ ಫೈಬ್ರಿನ್ ಎಂಬ ಪ್ರೋಟೀನಿನ ಎಳೆಗಳು ಬಲೆ ಹೆಣೆಯುತ್ತವೆ. ಕರಗಿಸುವ ಬದಿಯಲ್ಲಿ ಪ್ಲಾಸ್ಮಿನ್ ಇದೆ. ಅದು ಫೈಬ್ರಿನ್ ಎಳೆಗಳನ್ನು ಕತ್ತರಿಸುತ್ತದೆ. ಪ್ಲಾಸ್ಮಿನ್ ಸುಪ್ತ ರೂಪದಲ್ಲಿ ರಕ್ತದಲ್ಲಿ ಸದಾ ಇರುತ್ತದೆ, ಅದನ್ನು ಎಚ್ಚರಿಸುವುದು ರಕ್ತನಾಳದ ಒಳಪದರದಿಂದ ಬರುವ ಟಿಪಿಎ. ಆ ಟಿಪಿಎಯನ್ನು ಹಿಡಿದು ನಿಷ್ಕ್ರಿಯಗೊಳಿಸುವುದು ಪಿಎಐ-1 ಎಂಬ ತಡೆಗಾರ. ಈ ಕತೆಯ ಮುಖ್ಯ ಪಾತ್ರ ಈ ತಡೆಗಾರನೇ. ಅದು ಹೆಚ್ಚಿದರೆ ಹೆಪ್ಪು ಕರಗುವುದು ನಿಧಾನ, ಕಡಿಮೆಯಾದರೆ ಚುರುಕು.

ಕರಗುವ ಶಕ್ತಿಗೆ ಹೊತ್ತಿನ ಏರಿಳಿತವಿದೆ ಎಂಬುದು 1957ರಲ್ಲೇ ವರದಿಯಾಗಿತ್ತು. ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ಜಾರ್ಜ್ ಫರ್ನ್ಲಿ ಮತ್ತು ಸಂಗಡಿಗರು ಬಳಸಿದ ವಿಧಾನ ಬಹಳ ಸರಳವಾದದ್ದು. ರಕ್ತವನ್ನು ತೆಳುವಾಗಿಸಿ, ಹೆಪ್ಪುಗಟ್ಟಿಸುವ ಕಿಣ್ವವಾದ ಥ್ರಾಂಬಿನ್ ಸೇರಿಸಿ, ದೇಹದ ಶಾಖದಲ್ಲಿಟ್ಟು, ಅದು ಕರಗಲು ಎಷ್ಟು ಹೊತ್ತು ಬೇಕೆಂದು ನೋಡುವುದು. ರಕ್ತವನ್ನು ತೆಳುವಾಗಿಸಿದರೆ ಅದರೊಳಗಿನ ತಡೆಗಾರರ ಹಿಡಿತ ಸಡಿಲವಾಗುತ್ತದೆ, ಇಲ್ಲದಿದ್ದರೆ ಕಾದು ಕುಳಿತವರಿಗೆ ಏನೂ ಕಾಣಿಸುವುದಿಲ್ಲ. ಹೆಪ್ಪು ಬೆಳಗ್ಗೆ ನಿಧಾನವಾಗಿ ಕರಗಿತು, ಹಗಲು ಏರಿದಂತೆ ಬೇಗ ಕರಗತೊಡಗಿತು. ಟಿಪಿಎ, ಪಿಎಐ-1 ಎಂಬ ಹೆಸರುಗಳು ಬಳಕೆಗೆ ಬರುವ ಎಷ್ಟೋ ಮೊದಲೇ, ಒಂದು ಕೊಳವೆ ಮತ್ತು ತಾಳ್ಮೆ ಇವೆರಡರಿಂದಲೇ ಈ ಲಯ ಕೈಗೆ ಸಿಕ್ಕಿತ್ತು.

ಆಗ ಅದನ್ನು ದೊಡ್ಡದೆಂದು ಎಣಿಸಿದವರು ಕಡಿಮೆ. ಅದಕ್ಕೆ ತೂಕ ಬಂದದ್ದು 1985ರಲ್ಲಿ, ಅದೂ ಹೃದಯದ ಕಡೆಯಿಂದ. ಜೇಮ್ಸ್ ಮುಲ್ಲರ್ ಮತ್ತು ಸಹೋದ್ಯೋಗಿಗಳು ಹೃದಯಾಘಾತವಾಗಿ ಆಸ್ಪತ್ರೆಗೆ ಬಂದ 2,999 ಮಂದಿಯ ನೋವು ಶುರುವಾದ ಹೊತ್ತನ್ನು ಪರಿಶೀಲಿಸಿದರು. ಬೆಳಗಿನ 6ರಿಂದ ನಡುಹಗಲಿನ ನಡುವೆ ದಟ್ಟಣೆ ಎದ್ದು ಕಂಡಿತು. ಇಲ್ಲಿ ಯಾರಿಗಾದರೂ ಅನುಮಾನ ಬರುವುದು ಸಹಜ: ನಿದ್ದೆಯಲ್ಲಿ ಶುರುವಾದ ನೋವು ಎಚ್ಚರವಾದ ಮೇಲೆ ಗಮನಕ್ಕೆ ಬಂದಿರಬಹುದಲ್ಲ? ಅದಕ್ಕೆಂದೇ 703 ಮಂದಿಯಲ್ಲಿ ಅವರು ರೋಗಿಯ ಮಾತನ್ನು ಬಿಟ್ಟು, ಹಾನಿಗೊಂಡ ಹೃದಯ ಸ್ನಾಯುವಿನಿಂದ ರಕ್ತಕ್ಕೆ ಸೋರುವ ಕಿಣ್ವ ಮೊದಲು ಏರಿದ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಿದರು. ಲಯ ಅಳಿಸಿಹೋಗಲಿಲ್ಲ. ಬೆಳಗಿನ 9ರ ಸುಮಾರಿಗೆ ಆಘಾತಗಳ ಸಂಖ್ಯೆ ರಾತ್ರಿ 11ರದಕ್ಕಿಂತ ಮೂರು ಪಟ್ಟು ಇತ್ತು. ಇನ್ನೊಂದು ಸಂಗತಿಯೂ ಸಿಕ್ಕಿತು: ಮೊದಲೇ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುತ್ತಿದ್ದವರಲ್ಲಿ ಈ ಬೆಳಗಿನ ದಟ್ಟಣೆ ಕಾಣಲಿಲ್ಲ. ಬೀಟಾ ಬ್ಲಾಕರ್ ಎಂದರೆ ಅಡ್ರಿನಲಿನ್‌ನ ಕೈಕಟ್ಟುವ ಮದ್ದು. ಎದ್ದು ನಿಂತ ಕೂಡಲೇ ಏರುವ ರಾಸಾಯನಿಕಗಳ ಗುಂಪಿನಲ್ಲಿ ಅಡ್ರಿನಲಿನ್ ಇದೆ. ಹಾಗಾಗಿ ಬೆರಳು ಏಳುವ ಕ್ರಿಯೆಯ ಕಡೆಗೆ ತಿರುಗಿತು.

1987ರಲ್ಲಿ ಜೆಫ್ರಿ ಟಾಫ್ಲರ್ ಇದೇ ತಂಡದೊಂದಿಗೆ ಆರೋಗ್ಯವಂತರ ಕಡೆಗೆ ಬಂದರು. ಇದು ಸರಿಯಾದ ಹೆಜ್ಜೆಯೆಂದು ನನಗೆ ಅನಿಸುತ್ತದೆ. ರೋಗಿಗಳಲ್ಲಿ ಔಷಧಿ, ನೋವು, ಭಯ, ಕೊಬ್ಬುಗಟ್ಟಿದ ನಾಳ ಎಲ್ಲವೂ ಸೇರಿ ಲಯವನ್ನು ಕಲಕಿಬಿಡುತ್ತವೆ. ಹದಿನೈದು ಆರೋಗ್ಯವಂತ ಗಂಡಸರ ರಕ್ತವನ್ನು 24 ಗಂಟೆಗಳ ಕಾಲ 3 ಗಂಟೆಗೊಮ್ಮೆ ತೆಗೆದು, ಪ್ಲೇಟ್‌ಲೆಟ್‌ಗಳು ಎಷ್ಟು ಸಲೀಸಾಗಿ ಅಂಟಿಕೊಳ್ಳುತ್ತವೆ ಎಂದು ನೋಡಿದರು. ಇಡೀ ದಿನದಲ್ಲಿ ಅಂಟುವ ಗುಣ ಗಣನೀಯವಾಗಿ ಹೆಚ್ಚಿದ ಅವಧಿ ಒಂದೇ: ಬೆಳಗಿನ 6ರಿಂದ 9. ಅವರು ಎದ್ದದ್ದೂ ಆ ನಡುವೆಯೇ. ಬಳಿಕ ಹತ್ತು ಮಂದಿಯನ್ನು ಇನ್ನೊಂದು ಬೆಳಗ್ಗೆ ಏಳಗೊಡದೆ ಹಾಸಿಗೆಯಲ್ಲೇ ಮಲಗಿಸಿದರು. ಅಂಟುವ ಗುಣ ಏರಲಿಲ್ಲ.

ಇಷ್ಟು ಓದಿದವರು ಕಡತ ಮುಚ್ಚಿಬಿಡಬಹುದು. ಬೆಳಗ್ಗೆ ಏಳುವುದೇ ಕಾರಣ, ಮುಗಿಯಿತು. ಮುಗಿದಿರಲಿಲ್ಲ. ಟಾಫ್ಲರ್ ನೋಡಿದ್ದು ಕಟ್ಟುವ ಬದಿಯ ಒಂದು ಕೆಲಸಗಾರನನ್ನು. ಕರಗಿಸುವ ಬದಿಯನ್ನು ಅಳೆದ ಬೇರೆ ತಂಡಗಳಿಗೆ 1980ರ ದಶಕದ ಕೊನೆಯ ಹೊತ್ತಿಗೆ ಬೇರೊಂದು ಚಿತ್ರ ಕಾಣತೊಡಗಿತ್ತು: ಪಿಎಐ-1 ಮುಂಜಾನೆ ಶಿಖರ ಮುಟ್ಟುತ್ತದೆ, ಸಂಜೆ ಹೊತ್ತಿಗೆ ಇಳಿದಿರುತ್ತದೆ, ಟಿಪಿಎಯ ಕ್ರಿಯಾಶಕ್ತಿ ಇದಕ್ಕೆ ತಿರುವು ಮುರುವು. ಮುಂಜಾನೆಯೇ ಶಿಖರವಿದ್ದರೆ ಏರಿಕೆ ಅದಕ್ಕೂ ಮೊದಲು, ಅಂದರೆ ನಾವಿನ್ನೂ ನಿದ್ದೆಯಲ್ಲಿರುವಾಗ ಶುರುವಾಗಿರಬೇಕು. ಏಳುವುದನ್ನು ದೂರುವುದು ಹೇಗೆ?

ಟಿಪಿಎಯದು ಒಂದು ಒಗಟು. ರಕ್ತದಲ್ಲಿರುವ ಒಟ್ಟು ಟಿಪಿಎಯನ್ನು ಎಣಿಸಿದರೆ ಅದು ಬೆಳಗ್ಗೆ ಹೆಚ್ಚು, ಅದರ ಕ್ರಿಯಾಶಕ್ತಿಯನ್ನು ಅಳೆದರೆ ಬೆಳಗ್ಗೆ ಕಡಿಮೆ. ಕರಗಿಸುವವರ ಸಂಖ್ಯೆ ಹೆಚ್ಚಿದಾಗಲೇ ಕರಗುವುದು ಕಡಿಮೆಯಾಗುವುದು ಹೇಗೆ? ಪಿಎಐ-1ರ ಒಂದು ಅಣು ಟಿಪಿಎಯ ಒಂದು ಅಣುವನ್ನು ಹಿಡಿದುಕೊಂಡು ಜೋಡಿಯಾಗುತ್ತದೆ. ಒಂಟಿ ಟಿಪಿಎಯನ್ನು ಯಕೃತ್ತು ಬಹಳ ಬೇಗ ತೆಗೆದುಹಾಕುತ್ತದೆ, ಸುಮಾರು 5 ನಿಮಿಷದಲ್ಲಿ ಅರ್ಧದಷ್ಟು ಹೋಗಿರುತ್ತದೆ. ಜೋಡಿಯಾದದ್ದು ಅದಕ್ಕಿಂತ ನಿಧಾನವಾಗಿ ಹೋಗುತ್ತದೆ. ಆದ್ದರಿಂದ ತಡೆಗಾರ ಹೆಚ್ಚಿದ ಬೆಳಗಿನಲ್ಲಿ ರಕ್ತದ ತುಂಬ ಟಿಪಿಎ ಉಳಿದಿರುತ್ತದೆ, ಆದರೆ ಎಲ್ಲ ಕೈಕಟ್ಟಿಸಿಕೊಂಡೇ. ವರದಿಯಲ್ಲಿ ‘ಟಿಪಿಎ ಹೆಚ್ಚಿದೆ’ ಎಂದು ಓದಿ ರಕ್ತ ಚೆನ್ನಾಗಿ ಕರಗಿಸುತ್ತಿದೆ ಎಂದುಕೊಂಡರೆ ಸತ್ಯಕ್ಕೆ ನೇರ ವಿರುದ್ಧವಾದದ್ದನ್ನು ನಂಬಿದಂತೆ. ಏನನ್ನು ಅಳೆದರು, ಯಾವಾಗ ಅಳೆದರು ಎಂಬ ಎರಡು ಪ್ರಶ್ನೆಗಳಿಗೆ ಉತ್ತರವಿಲ್ಲದೆ ಈ ಸಂಖ್ಯೆಗಳನ್ನು ಓದಬಾರದೆಂದು ನಾನು ಹಟ ಹಿಡಿಯುವುದು ಇದಕ್ಕೇ.

ಈಗ ಬಾಸ್ಟನ್ನಿನ ಕೋಣೆಗೆ ಮರಳೋಣ.

ಸಾಮಾನ್ಯ ದಿನದಲ್ಲಿ ಗಡಿಯಾರದ ಬೆಳಗೂ ಏಳುವ ಹೊತ್ತೂ ಒಟ್ಟಿಗೇ ಬರುತ್ತವೆ. ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳಲ್ಲಿ ಯಾವುದು ಎಳೆಯುತ್ತಿದೆ ಎಂದು ದೂರದಿಂದ ನೋಡಿ ಹೇಳಲಾಗದು, ನೊಗ ಬಿಚ್ಚಬೇಕು. ಬಿಚ್ಚುವ ಉಪಾಯವೇ ದಿನದ ಅಳತೆಯನ್ನು ಬದಲಿಸುವುದು. ನಮ್ಮ ಮಿದುಳಿನ ಬುಡದಲ್ಲಿರುವ ಮುಖ್ಯ ಗಡಿಯಾರ 24 ಗಂಟೆಗಿಂತ ತುಸು ಹೆಚ್ಚಿನ ಸುತ್ತಿನಲ್ಲಿ ನಡೆಯುತ್ತದೆ. ಅದನ್ನು 20 ಗಂಟೆಗೆ ಒಗ್ಗಿಸಲು ಬರುವುದಿಲ್ಲ, ಅದರಲ್ಲೂ ಬೆಳಕು ಮಂದವಾಗಿದ್ದರೆ. ಎಂದೇ ಏಳುವುದು, ಉಣ್ಣುವುದು, ಮಲಗುವುದು 20 ಗಂಟೆಯ ಸುತ್ತಿನಲ್ಲಿ ಓಡಿದರೆ ಗಡಿಯಾರ ತನ್ನ ಹಳೆಯ ನಡಿಗೆಯಲ್ಲೇ ಉಳಿಯುತ್ತದೆ. ಈ ಉಪಾಯಕ್ಕೂ ಒಬ್ಬ ಹಿರಿಯನಿದ್ದಾನೆ. 1938ರಲ್ಲಿ ನಥಾನಿಯಲ್ ಕ್ಲೈಟ್‌ಮನ್ ತನ್ನ ಶಿಷ್ಯನೊಂದಿಗೆ ಕೆಂಟಕಿಯ ಮ್ಯಾಮತ್ ಗುಹೆಯೊಳಗೆ ಇಳಿದು, ಒಂದು ತಿಂಗಳಿಗೂ ಹೆಚ್ಚು ಕಾಲ 28 ಗಂಟೆಯ ದಿನ ಬದುಕಲು ಯತ್ನಿಸಿದ್ದ. ಬಾಸ್ಟನ್ನಿನ ಮಂದಬೆಳಕಿನ ಕೋಣೆ ಆ ಗುಹೆಯ ಮೊಮ್ಮಗು.

ಲೆಕ್ಕ ಹಾಕಿ ನೋಡಿದರೆ ಇದರ ಸೊಗಸು ತಿಳಿಯುತ್ತದೆ. ಮೊದಲ ಸುತ್ತಿನಲ್ಲಿ ಏಳುವುದು ಹೊರಗಿನ ಗಡಿಯಾರದ ಬೆಳಗ್ಗೆ 7ಕ್ಕೆ ಎಂದುಕೊಳ್ಳಿ. ಎರಡನೆಯದರಲ್ಲಿ ಬೆಳಗಿನ ಜಾವ 3ಕ್ಕೆ. ಮೂರನೆಯದರಲ್ಲಿ ರಾತ್ರಿ 11ಕ್ಕೆ. ಆಮೇಲೆ ಸಂಜೆ 7, ಮಧ್ಯಾಹ್ನ 3, ಬೆಳಗ್ಗೆ 11. ಏಳನೆಯ ಸುತ್ತಿಗೆ ಮತ್ತೆ 7. ಆರು ಸುತ್ತುಗಳಲ್ಲಿ ಏಳುವ ಹೊತ್ತು ಗಡಿಯಾರದ ಎಲ್ಲ ಮೂಲೆಗಳನ್ನೂ ಮುಟ್ಟಿ ಬರುತ್ತದೆ. ಹನ್ನೆರಡು ಸುತ್ತುಗಳಲ್ಲಿ ಎರಡು ಸಲ. ಏಳುವುದೇ ಕಾರಣವಾದರೆ ಪಿಎಐ-1 ಎದ್ದಾಗಲೆಲ್ಲ ಏರಬೇಕು, ಅದು ನಡುರಾತ್ರಿಯಾಗಿರಲಿ ಸಂಜೆಯಾಗಿರಲಿ. ಗಡಿಯಾರವೇ ಕಾರಣವಾದರೆ, ಮಲಗಿದ್ದರೂ ಎದ್ದಿದ್ದರೂ ದೇಹದ ಬೆಳಗಾದಾಗಲೇ ಏರಬೇಕು. ಇಷ್ಟು ಸಾಲದೆಂದು ಸಂಶೋಧಕರು ದೇಹಕ್ಕೆ ಅಳತೆಯ ಪ್ರಯಾಸವನ್ನೂ ಕೊಟ್ಟರು. ಮಲಗಿದವರನ್ನು ಹಲಗೆಯ ಸಮೇತ ತಲೆ ಮೇಲಾಗುವಂತೆ ವಾಲಿಸುವುದು ಒಂದು, ಅದು ಹಾಸಿಗೆಯಿಂದ ಏಳುವುದರ ತದ್ರೂಪು. ಇನ್ನೊಂದು, 15 ನಿಮಿಷ ಸೈಕಲ್ ತುಳಿಸುವುದು.

ಪಿಎಐ-1 ಗಡಿಯಾರದ ಮಾತನ್ನೇ ಕೇಳಿತು. ಅದರ ಏರಿಳಿತ ಸ್ಪಷ್ಟವಾಗಿತ್ತು, ಶಿಖರ ಬಂದದ್ದು ದೇಹದ ಲೆಕ್ಕದಲ್ಲಿ ಬೆಳಗಿನ ಸುಮಾರು ಆರೂವರೆಗೆ. ವಾಲಿಸಿದ್ದಕ್ಕೆ, ಸೈಕಲ್ ತುಳಿಸಿದ್ದಕ್ಕೆ ಆದ ಬದಲಾವಣೆಗೆ ಹೋಲಿಸಿದರೆ ಗಡಿಯಾರದಿಂದಾದ ಏರಿಳಿತ ಎಂಟು ಪಟ್ಟು ದೊಡ್ಡದು. ಎಂಟು ಪಟ್ಟು ಎಂಬುದನ್ನು ಓದಿದಾಗ ನಾನು ಪುಟ ತಿರುಗಿಸದೆ ಸ್ವಲ್ಪ ಹೊತ್ತು ಕುಳಿತೆ. ನಾವು ಎಚ್ಚರಗೊಂಡು ಮಾಡುವ ಕೆಲಸಗಳೇ ದೇಹವನ್ನು ನಡೆಸುತ್ತವೆ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಈ ಒಂದು ತಡೆಗಾರನ ಮಟ್ಟಿಗಾದರೂ ಅದು ತಪ್ಪು. ನಾವು ಗಾಢ ನಿದ್ದೆಯಲ್ಲಿರುವಾಗಲೇ ಅದು ಏರುವ ದಾರಿ ಹಿಡಿದಿರುತ್ತದೆ.

ಗಡಿಯಾರ ಪಿಎಐ-1ರ ಕಿವಿಯಲ್ಲಿ ಹೇಳುವುದು ಹೇಗೆ? ಮಿದುಳಿನಲ್ಲಿ ಮಾತ್ರವಲ್ಲ, ರಕ್ತನಾಳದ ಒಳಪದರದ ಜೀವಕೋಶಗಳಲ್ಲೂ ಗಡಿಯಾರದ ಪ್ರೋಟೀನುಗಳಿವೆ. ಅವು ಜೋಡಿಯಾಗಿ ಪಿಎಐ-1 ಜೀನಿನ ಬಾಗಿಲಲ್ಲಿ ಕುಳಿತು ಅದರ ತಯಾರಿಕೆಯನ್ನು ಹೆಚ್ಚಿಸುತ್ತವೆ. ಅದೇ ಗಡಿಯಾರದ ಇನ್ನೊಂದು ಪ್ರೋಟೀನು ಬಂದು ಅದನ್ನು ತಗ್ಗಿಸುತ್ತದೆ. ಒಂದು ದಿನಕ್ಕೆ ಒಂದು ಏರು, ಒಂದು ಇಳಿವು.

ಹಾಗಾದರೆ ಟಾಫ್ಲರ್ ತಪ್ಪಿದರೇ? ಇಲ್ಲ. ಶೀರ್ ಅವರ ತಂಡ 2011ರಲ್ಲಿ ಇದೇ ಬಗೆಯ ಕೋಣೆಯಲ್ಲಿ ಪ್ಲೇಟ್‌ಲೆಟ್‌ಗಳನ್ನೂ ನೋಡಿತ್ತು. ಪ್ಲೇಟ್‌ಲೆಟ್‌ಗಳ ಮೈಮೇಲೆ ಕಾಣುವ ಎಚ್ಚರದ ಗುರುತುಗಳು ದೇಹದ ಬೆಳಗಿನ 8-9ರ ಹೊತ್ತಿಗೆ ಹೆಚ್ಚುತ್ತವೆ, ಅದೂ ನಡವಳಿಕೆಯ ಹಂಗಿಲ್ಲದೆ. ಅಂದರೆ ಪ್ಲೇಟ್‌ಲೆಟ್‌ಗೂ ಗಡಿಯಾರವಿದೆ, ಆದರೆ ಅದು ಎದ್ದು ನಿಲ್ಲುವುದಕ್ಕೂ ಅಡ್ರಿನಲಿನ್‌ಗೂ ಬೇಗ ಓಗೊಡುತ್ತದೆ. ನನ್ನ ಓದಿನ ಪ್ರಕಾರ ಟಾಫ್ಲರ್ ಅವರ ಹಾಸಿಗೆ ಪ್ರಯೋಗವೂ ಶೀರ್ ಅವರ ಕೋಣೆ ಪ್ರಯೋಗವೂ ಪರಸ್ಪರ ಎದುರಾಳಿಗಳಲ್ಲ. ಮುಂಜಾನೆಯ ರಕ್ತದಲ್ಲಿ ಎರಡು ಅಲೆಗಳು ಒಂದರ ಮೇಲೊಂದು ಬೀಳುತ್ತವೆ. ಮೊದಲು ಆರೂವರೆಯ ಹೊತ್ತಿಗೆ ಕರಗಿಸುವ ಶಕ್ತಿ ತಳ ಕಾಣುತ್ತದೆ, ಅದು ಗಡಿಯಾರದ ಅಲೆ. ಅದು ಇನ್ನೂ ಚೇತರಿಸಿಕೊಳ್ಳುತ್ತಿರುವಾಗಲೇ ನಾವು ಏಳುತ್ತೇವೆ, ಪ್ಲೇಟ್‌ಲೆಟ್‌ಗಳು ಅಂಟಲು ತಯಾರಾಗುತ್ತವೆ, ರಕ್ತದ ಒತ್ತಡ ಏರುತ್ತದೆ. ಮುಲ್ಲರ್ ಕಂಡ 9 ಗಂಟೆಯ ದಟ್ಟಣೆ ಈ ಎರಡರ ಕೂಡುವಿಕೆಯಿಂದ ಬಂದಿರಬಹುದು ಎಂಬುದು ತರ್ಕ. ಆದರೆ ಹನ್ನೆರಡು ಆರೋಗ್ಯವಂತರಿಂದ ಅದನ್ನು ಸಾಧಿಸಿದಂತಾಗುವುದಿಲ್ಲ. ನಾಳಗಳು ಕೆಟ್ಟವರಲ್ಲೂ ಇದೇ ಏರಿಳಿತ ಉಳಿದಿದ್ದರೆ ಬೆಳಗಿನ ಆಘಾತಗಳನ್ನು ವಿವರಿಸಲು ಇದು ನೆರವಾದೀತು ಎಂದಷ್ಟೇ 2014ರ ಲೇಖಕರೂ ಹೇಳಿದ್ದಾರೆ. ಆ ಎಚ್ಚರವನ್ನು ನಾನು ಮೆಚ್ಚುತ್ತೇನೆ.

ಈ ವಿಷಯ ಮಾತಿಗೆ ಬಂದಾಗಲೆಲ್ಲ ಬೆಳಗಿನ ವಾಯುವಿಹಾರ ಬಿಡಬೇಕೇ ಎಂದು ಯಾರಾದರೂ ಕೇಳುತ್ತಾರೆ. ಬಿಡಬೇಕಾಗಿಲ್ಲ. ಆರೋಗ್ಯವಂತರ ಮುಂಜಾನೆಯ ಏರಿಕೆ ಕಾಯಿಲೆಯಲ್ಲ. ನಾಳದ ಒಳಗೋಡೆ ನುಣುಪಾಗಿದ್ದರೆ ಕಟ್ಟುವುದಕ್ಕೆ ಅಲ್ಲಿ ಏನೂ ಇರುವುದಿಲ್ಲ. ಹೃದ್ರೋಗಿಗಳಿಗೆ ವೈದ್ಯರ ಕಣ್ಗಾವಲಿನಲ್ಲಿ ಬೆಳಗ್ಗೆ ಮತ್ತು ಮಧ್ಯಾಹ್ನ ವ್ಯಾಯಾಮ ಮಾಡಿಸಿ ಹೋಲಿಸಿದಾಗಲೂ ಅವಘಡಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ.

ಆದರೆ ಔಷಧಿಯ ವಿಷಯ ಬಂದಾಗ ಹೊತ್ತನ್ನು ಮರೆಯುವಂತಿಲ್ಲ. 1985ರಲ್ಲೇ ಫ್ರಾನ್ಸಿನ ವೈದ್ಯರು ಅಭಿಧಮನಿಗಳಲ್ಲಿ ಹೆಪ್ಪುಗಟ್ಟಿದ್ದ ಆರು ರೋಗಿಗಳಿಗೆ ಪಂಪಿನ ಮೂಲಕ ಹೆಪ್ಪುಗಟ್ಟುವುದನ್ನು ತಡೆಯುವ ಹೆಪರಿನ್ ಮದ್ದನ್ನು ಹಗಲೂ ರಾತ್ರಿ ಒಂದೇ ಸಮನೆ ಹರಿಸಿದ್ದರು. ಹರಿವು ಒಂದೇ ಆದರೂ ಅದರ ಪರಿಣಾಮ ರಾತ್ರಿ ಹೆಚ್ಚಾಯಿತು, ಬೆಳಗ್ಗೆ ತಗ್ಗಿತು. ಆಸ್ಪಿರಿನ್ ಪ್ಲೇಟ್‌ಲೆಟ್‌ಗಳ ಅಂಟುವ ಗುಣವನ್ನು ತಗ್ಗಿಸುತ್ತದೆ. ಅಮೆರಿಕದ ವೈದ್ಯರ ಮೇಲೆ ನಡೆದ ಆಸ್ಪಿರಿನ್ ಅಧ್ಯಯನದ ಮಾಹಿತಿಯನ್ನು 1990ರಲ್ಲಿ ಹೊತ್ತಿನ ಪ್ರಕಾರ ಬಿಡಿಸಿದಾಗ, ಆ ಮಾತ್ರೆ ತೆಗೆದುಕೊಂಡವರಲ್ಲಿ ಬೆಳಗ್ಗೆ ಎದ್ದ ಬಳಿಕದ ಗಂಟೆಗಳ ಹೃದಯಾಘಾತಗಳು ಶೇ 59ರಷ್ಟು, ಉಳಿದ ಹೊತ್ತಿನವು ಶೇ 34ರಷ್ಟು ಕಡಿಮೆಯಾಗಿದ್ದವು. 2015ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ 290 ಮಂದಿಗೆ ಆಸ್ಪಿರಿನ್ ಅನ್ನು ಒಂದು ಅವಧಿಯಲ್ಲಿ ಬೆಳಗ್ಗೆ, ಇನ್ನೊಂದರಲ್ಲಿ ಮಲಗುವಾಗ ಕೊಟ್ಟರು. ಮಲಗುವಾಗ ಕೊಟ್ಟಾಗ ಬೆಳಗಿನ ಪ್ಲೇಟ್‌ಲೆಟ್ ಚಟುವಟಿಕೆ ತಗ್ಗಿತು, ರಕ್ತದ ಒತ್ತಡ ತಗ್ಗಲಿಲ್ಲ. ಇದರಿಂದ ಆಘಾತಗಳೂ ಕಡಿಮೆಯಾಗುತ್ತವೆ ಎಂದು ಆ ಅಧ್ಯಯನ ತೋರಿಸಿಲ್ಲ. ಆದ್ದರಿಂದ ಯಾರೂ ತಮ್ಮಷ್ಟಕ್ಕೆ ಮಾತ್ರೆಯ ಹೊತ್ತು ಬದಲಿಸಬೇಡಿ, ನಿಮ್ಮ ವೈದ್ಯರನ್ನು ಕೇಳಿ.

ನನಗೆ ಇದಕ್ಕಿಂತ ಹತ್ತಿರದ ಕಾಳಜಿ ಪ್ರಯೋಗಾಲಯದ್ದು. ಪಿಎಐ-1 ಅಳೆಯಲು ರಕ್ತವನ್ನು, ಅದು ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ಇರುವ ನೀಲಿ ಮುಚ್ಚಳದ ಕೊಳವೆಗೆ, ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ಎಂಬ ಅಳತೆಯಲ್ಲಿ, ಗೆರೆ ಮುಟ್ಟುವವರೆಗೆ ತುಂಬಬೇಕು. ಬೇಗನೆ ಯಂತ್ರದಲ್ಲಿ ತಿರುಗಿಸಿ ಪ್ಲೇಟ್‌ಲೆಟ್‌ಗಳನ್ನು ಬೇರ್ಪಡಿಸಬೇಕು, ಏಕೆಂದರೆ ರಕ್ತದಲ್ಲಿರುವ ಪಿಎಐ-1ರ ಬಹುಪಾಲು ಪ್ಲೇಟ್‌ಲೆಟ್‌ಗಳ ಹೊಟ್ಟೆಯಲ್ಲೇ ಇರುತ್ತದೆ. ಅವು ಒಡೆದರೆ ಸಂಖ್ಯೆ ಸುಳ್ಳಾಗುತ್ತದೆ. ಇಷ್ಟೆಲ್ಲ ಜೋಪಾನ ಮಾಡಿ, ಒಬ್ಬರ ರಕ್ತವನ್ನು ಬೆಳಗ್ಗೆ 7ಕ್ಕೂ ಇನ್ನೊಬ್ಬರದನ್ನು ಸಂಜೆ 4ಕ್ಕೂ ತೆಗೆದು ಹೋಲಿಸಿದರೆ ಪಟ್ಟ ಶ್ರಮವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ. ಇನ್ನು ರಾತ್ರಿ ಪಾಳಿಯ ಕೆಲಸಗಾರರಿದ್ದಾರೆ, ದಾದಿಯರು, ಕಾರ್ಖಾನೆಯವರು, ಲಾರಿ ಚಾಲಕರು. ಅವರು ಮಧ್ಯಾಹ್ನ 2ಕ್ಕೆ ಎದ್ದು ಬಂದಿರುತ್ತಾರೆ, ಅವರ ಒಳಗಿನ ಗಡಿಯಾರ ಎಲ್ಲಿದೆಯೋ ಗೋಡೆಯ ಗಡಿಯಾರ ನೋಡಿ ಹೇಳಲಾಗದು. ಹಾಗಾಗಿ ಕೊಳವೆಯ ಚೀಟಿಯಲ್ಲಿ ಹೆಸರು, ವಯಸ್ಸು, ದಿನಾಂಕದ ಕೆಳಗೆ ಎರಡು ಸಾಲು ಸೇರಿಸಬೇಕೆಂದು ನಾನು ಕೇಳುತ್ತೇನೆ: ರಕ್ತ ತೆಗೆದ ಹೊತ್ತು, ಮತ್ತು ಈ ವ್ಯಕ್ತಿ ಇಂದು ನಿದ್ದೆಯಿಂದ ಎದ್ದ ಹೊತ್ತು.